‘ಎಷ್ಟ್ ದಿನ ಇರ್ತೀರಿ?’: ಗಡಿ ತಾಂಡಾದ ಶಾಲೆಗೆ ಬರುವ ಹೊಸ ಟೀಚರ್‌ಗೆ, ಅವರನ್ನು ಕಳಿಸುವವರಿಗೆ ಒಂದು ಬಹಿರಂಗ ಪತ್ರ

ನನ್ನ ಜಾಗಕ್ಕೆ ಬರಲಿರುವ ಟೀಚರ್‌ಗೆ, ಮತ್ತು ಆ ಆದೇಶಕ್ಕೆ ಸಹಿ ಹಾಕುವ ಹಿರಿಯರಿಗೆ,

ನಮಸ್ಕಾರ.

ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಬೇರೆ ಬೇರೆ ಬರೆದರೆ ಟೀಚರ್‌ಗೆ ಬರೆದದ್ದನ್ನು ಹಿರಿಯರು ಓದುವುದಿಲ್ಲ. ಹಿರಿಯರಿಗೆ ಬರೆದದ್ದು ಟಪಾಲಿನ ಸೀಲು ಹಾಕಿಸಿಕೊಂಡು ಯಾವುದೋ ಕಡತದೊಳಗೆ ಮಲಗುತ್ತದೆ. ಹಾಗಾಗಿ ಎಲ್ಲರೂ ಓದುವ ಕಡೆ ಹಾಕುತ್ತಿದ್ದೇನೆ.

ನಾನು ತಿಪಟೂರು ಕಡೆಯವಳು. 2019ರ ಕೊನೆಗೆ ಯಾದಗಿರಿ ಜಿಲ್ಲೆಯಲ್ಲಿ, ತೆಲಂಗಾಣದ ಗಡಿಗೆ ಅಂಟಿಕೊಂಡಿರುವ ಒಂದು ಲಂಬಾಣಿ ತಾಂಡಾದ ಹಿರಿಯ ಪ್ರಾಥಮಿಕ ಶಾಲೆಗೆ ಬಂದೆ. ಈ ಭಾಗದ ಹುದ್ದೆಗಳಲ್ಲಿ ದೊಡ್ಡ ಪಾಲು ಸಂವಿಧಾನದ 371(ಜೆ) ವಿಧಿಯ ಪ್ರಕಾರ ಇಲ್ಲಿನವರಿಗೇ ಮೀಸಲು. ಅದು ಸರಿಯೇ. ಉಳಿದ ಚೂರಿನಲ್ಲಿ ನನ್ನಂಥ ತೆಂಗಿನ ಸೀಮೆಯವರು ಬಂದು ಬೀಳುತ್ತೇವೆ. ತಾಂಡಾದ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆಯೇ ಯಾರಾದರೂ ಮೊಬೈಲ್ ಹಿಡಿದುಕೊಂಡು ವಿಡಿಯೋ ಮಾಡಲು ಬರುತ್ತಾರೆ. ಆ ಜನಕ್ಕೆ ಅದು ಬೇಡ.

ಈಗ ನನಗೆ ವರ್ಗವಾಗಿದೆ. ನಾನೇ ಕೇಳಿಕೊಂಡದ್ದು, ಯಾರೂ ಓಡಿಸಿದ್ದಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುವಾಗ ನಾನು ಏನೋ ದೊಡ್ಡ ತ್ಯಾಗ ಮಾಡಿದವಳು ಅಂತ ಅನ್ನಿಸಬಾರದು, ಅಲ್ವಾ?

ಆದೇಶದ ಪ್ರತಿ ಕೈಗೆ ಕೊಟ್ಟವರು ಅದರಲ್ಲಿದ್ದ ಊರಿನ ಹೆಸರು ನೋಡಿ ‘ಪಾಪ’ ಅಂದರು. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಡುತ್ತಾ, ‘ಆ ತಾಂಡಾಕ್ಕೇನ್ರಿ ಮೇಡಂ? ಒಬ್ರೇ ಹೊಂಟೀರಿ?’ ಅಂದ. ಪಕ್ಕದ ಊರಿನ ಶಾಲೆಯವರೊಬ್ಬರು ಇನ್ನೂ ಬಿಡಿಸಿ ಹೇಳಿದರು. ಅಲ್ಲಿಯವರು ಕುಡುಕರು, ಜಗಳಗಂಟರು. ಶಾಲೆಯ ಕಿಟಕಿ ಬಾಗಿಲನ್ನೂ ಬಿಡುವುದಿಲ್ಲ. ಒಂದು ವರ್ಷ ಹೇಗೋ ತಳ್ಳಿ, ಆಮೇಲೆ ಯಾರದಾದರೂ ಕೈಕಾಲು ಹಿಡಿದು ಡೆಪ್ಯುಟೇಶನ್ ಮಾಡಿಸಿಕೊಳ್ಳಿ.

ನಾನು ಹೋದಾಗ ಶಾಲೆಯ ಹೊಸ್ತಿಲಲ್ಲಿ ಬಿಸಿಯೂಟದ ಅಡುಗೆಯಾಕೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ವರಾಂಡದಲ್ಲಿ ನಾಲ್ಕು ಮೇಕೆ. ನಾನು ಯಾರು ಅಂತ ಆಕೆ ಕೇಳಲಿಲ್ಲ. ಯಾವ ಊರು ಅಂತಲೂ ಕೇಳಲಿಲ್ಲ. ಮೊರದಿಂದ ಕಣ್ಣು ಎತ್ತದೆ ಕೇಳಿದ್ದು ಒಂದೇ ಮಾತು.

‘ಎಷ್ಟ್ ದಿನ ಇರ್ತೀರಿ?’

‘ನೋಡೋಣ’ ಅಂದೆ.

‘ನೋಡೋಣ ಅಂದೋರು ಭಾಳ ಮಂದಿ ಆಗ್ಯಾರ’ ಅಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು.

ಆಮೇಲೆ ಶಿಕ್ಷಕರ ಹಾಜರಿ ಪುಸ್ತಕ ತಿರುವಿ ನೋಡಿದೆ. ಐದು ವರ್ಷದಲ್ಲಿ ಆರು ಹೆಸರು ಬಂದು ಹೋಗಿದ್ದವು. ಒಂದು ಹೆಸರಂತೂ ಹದಿನೇಳು ದಿನಕ್ಕೇ ಮುಗಿದಿತ್ತು. ಹಿರಿಯರೇ, ನೀವು ‘ಒರಟು ಜನ’ ಅನ್ನುವ ಊರಿನಲ್ಲಿ ಮೊದಲು ಆ ಪುಸ್ತಕ ತೆಗೆಸಿ ನೋಡಿ. ಈ ಪತ್ರದಲ್ಲಿ ನಾನು ಹೇಳಬೇಕಾದ್ದು ಹೆಚ್ಚುಕಡಿಮೆ ಅದರಲ್ಲೇ ಇದೆ.

ನನ್ನ ನೇಮಕ ಆರರಿಂದ ಎಂಟನೇ ತರಗತಿಗೆ. ಹೋಗಿ ನೋಡಿದರೆ ನಲಿಕಲಿಯೂ, ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಚಟುವಟಿಕೆಯಿಂದ ಕಲಿಸುವುದೂ, ನನ್ನ ತಲೆಗೇ ಬಂತು. ಹೆಡ್‌ಮಾಸ್ಟರ್ ಪ್ರಭಾರದಲ್ಲಿದ್ದವರಿಗೆ ದಿನಾ ಮೀಟಿಂಗು. ಉಳಿದವರು ಇಬ್ಬರು ಅತಿಥಿ ಶಿಕ್ಷಕರು. ಪುಸ್ತಕದಲ್ಲಿ 94 ಮಕ್ಕಳ ಹೆಸರು, ಕೋಣೆಯಲ್ಲಿ 31 ಮಕ್ಕಳು. ದೀಪಾವಳಿ ಆಗಲೇ ಮುಗಿದಿತ್ತು. ಈ ಕಡೆ ದೀಪಾವಳಿ ಮುಗಿಯಿತು ಅಂದರೆ ಗುಳೆ ಶುರು. ತೊಗರಿ, ಹತ್ತಿ ಮನೆಯ ಹೊಟ್ಟೆಗೆ ಸಾಲದವರು ಪುಣೆಗೆ, ಮುಂಬೈಗೆ, ಹೈದರಾಬಾದಿಗೆ, ಬೆಂಗಳೂರಿಗೆ ಹೊರಡುತ್ತಾರೆ. ಮರಳಿ ಬರುವುದು ಯುಗಾದಿಗೋ, ಮುಂಗಾರಿಗೋ.

ಎರಡನೇ ವಾರ ಶಾಲೆಯ ಗೇಟಿನ ಬೀಗಕ್ಕೆ ಯಾರೋ ಫೆವಿಕ್ವಿಕ್ ಸುರಿದಿದ್ದರು. ಕೀಲಿ ಒಳಗೆ ಹೋಗುವುದೇ ಇಲ್ಲ. ನೋಡಿ, ಹೇಳಿದ್ದು ನಿಜವಾಯಿತಲ್ಲ ಅಂದುಕೊಂಡೆ. ಹೊಸ ಬೀಗ ತಂದೆ. ಅದಕ್ಕೂ ಅದೇ ಗತಿ. ಮೂರನೆಯದನ್ನು ತರುವ ಹೊತ್ತಿಗೆ ಆರನೇ ತರಗತಿಯ ಹುಡುಗಿಯೊಬ್ಬಳು ಮೆಲ್ಲಗೆ ಹೇಳಿದಳು: ‘ಬೀಗ ಹಾಕಿದ್ರ ನೀರು ಬಂದ್ ಆಗ್ತದ್ರಿ ಟೀಚರ್.’ ತಾಂಡಾದಲ್ಲಿ ಬತ್ತದೆ ಇದ್ದದ್ದು ಶಾಲೆಯ ಬೋರ್‌ವೆಲ್ ಒಂದೇ. ಸಂಜೆ ನಾಲ್ಕೂವರೆಗೆ ನಾವು ಗೇಟು ಮುಚ್ಚಿ ಹೋದರೆ ಕೂಲಿಯಿಂದ ಬಂದ ಹೆಂಗಸರು ಕೊಡ ಹಿಡಿದು ಹೊರಗೆ ನಿಲ್ಲಬೇಕು. ಕಿತ್ತುಹೋದ ನಲ್ಲಿ, ಒಡೆದ ಕಾಂಪೌಂಡು, ಎಲ್ಲದರ ಕಥೆಯೂ ಆ ನೀರಿನದ್ದೇ. ಅಷ್ಟು ವರ್ಷ ಯಾರೂ ಕೇಳಿರಲಿಲ್ಲ, ಸುಮ್ನೆ ಬೀಗ ಬದಲಾಯಿಸುತ್ತಾ ಹೋಗಿದ್ದರು. ನಾನೂ ಎರಡು ಬೀಗದವರೆಗೆ ಅದನ್ನೇ ಮಾಡಿದೆ.

ನನ್ನ ದೊಡ್ಡ ತಪ್ಪು ಆಮೇಲೆ ಬಂತು. ಅದನ್ನು ಬರೆಯಲು ಈಗಲೂ ನಾಚಿಕೆ.

ಬಾಡಿಗೆ ಕೋಣೆ ಹಿಡಿದಿದ್ದ ಊರು ತಾಂಡಾದಿಂದ ಮೂರು ಕಿಲೋಮೀಟರ್. ಒಂದು ದಿನ ಬೇಗ ನಡೆದು ಬಂದೆ. ಮರಿಯಮ್ಮನ ಗುಡಿಯ ಮುಂದೆ ಟೆಂಪೋ ನಿಂತಿತ್ತು. ಪಾತ್ರೆ, ಹಾಸಿಗೆ, ಜೋಳದ ಚೀಲ, ಅದರ ಮೇಲೆ ನನ್ನ ಕ್ಲಾಸಿನ ಒಂಬತ್ತು ಮಕ್ಕಳು. ನನಗೆ ಏನಾಯಿತೋ. ಟೆಂಪೋ ಮುಂದೆ ಹೋಗಿ ನಿಂತು ಮೊಬೈಲ್ ತೆಗೆದು ಫೋಟೋ ಹೊಡೆದೆ. ‘ಬಾಲಕಾರ್ಮಿಕ ಕೇಸ್ ಹಾಕಿಸ್ತೀನಿ, ಒಬ್ಬೊಬ್ಬರ ಹೆಸರೂ ನನ್ನ ಹತ್ತಿರ ಇದೆ’ ಅಂತ ಕೂಗಾಡಿದೆ. ಯಾರೂ ಬೈಯಲಿಲ್ಲ. ಡ್ರೈವರ್ ಹಿಂದಕ್ಕೆ ತೆಗೆದು, ಪಕ್ಕದ ಹೊಲದೊಳಗೆ ಇಳಿಸಿ, ನನ್ನನ್ನು ಸುತ್ತಿಕೊಂಡು ಹೋದ.

ಮರುದಿನ ಶಾಲೆಗೆ ಒಂದು ಮಗುವೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನ ಅಡುಗೆಯಾಕೆಯೂ ಇಲ್ಲ. ಖಾಲಿ ಕೋಣೆಯಲ್ಲಿ ಕೂತು ಡೈರಿ ಬರೆದೆ. ಏನು ಬರೆಯುವುದು? ‘ಮಕ್ಕಳ ಹಾಜರಿ: ಸೊನ್ನೆ.’

ಸಂಜೆ ತಾಂಡಾದ ನಾಯಕರ ಮನೆಗೆ ಹೋದೆ. ಪ್ರತಿ ತಾಂಡಾಕ್ಕೂ ಒಬ್ಬ ನಾಯಕ, ಒಬ್ಬ ಕಾರಭಾರಿ ಇರುತ್ತಾರೆ. ಪಂಚಾಯಿತಿ ಚುನಾವಣೆ ಬಂದ ಮೇಲೂ ಆ ಮಾತಿಗೆ ತೂಕ ಇದೆ. ವಯಸ್ಸಾದ ಮನುಷ್ಯ. ಕಟ್ಟೆ ಮೇಲೆ ಜಾಗ ಮಾಡಿ ಕೂರಿಸಿದರು. ‘ಬಾಯಿ, ಕೇಸು ನಮಗ ಹೊಸಾದಲ್ಲ’ ಅಂದರು. ಇಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವುದು ‘ಬಾಯಿ’ ಅಂತ. ‘ನಿನ್ನ ಬಗಲಾಗ ಬ್ಯಾಗದ, ಕೈಯಾಗ ಬುಕ್ಕದ. ಹಂಗ ಬರೋರು ಇಲ್ಲಿ ಮೂರೇ ಮಂದಿ. ಸಂಘದ ಕಂತಿನವರು, ಅಬಕಾರಿಯವರು, ಓಟಿನ ಪಟ್ಟಿಯವರು. ನೀ ಯಾರು?’

ಒಳಗಿನಿಂದ ಅವರ ತಾಯಿ ಏನೋ ಅಂದರು. ತೊಂಬತ್ತು ದಾಟಿದ ಮುದುಕಿ. ಮೊಣಕೈವರೆಗೂ ಬಳೆ. ನಾಯಕರು ಕನ್ನಡ ಮಾಡಿ ಹೇಳಿದರು: ‘ಹಾಜರಿ ಅಂದ್ರ ಮೊದಲು ಸಾಲಿ ಅಲ್ಲ, ಪೊಲೀಸ್ ಠಾಣಾ ಅಂತಾಳ.’

ಅದರ ಅರ್ಥ ಅವತ್ತು ಆಗಲಿಲ್ಲ. ಆಮೇಲೆ ಓದಿಕೊಂಡೆ. ಇವರ ಹಿರಿಯರು ಎತ್ತಿನ ಹಿಂಡಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶವೆಲ್ಲ ಸುತ್ತಿದವರು. ಸೈನ್ಯಗಳಿಗೆ ದವಸ ಸಾಗಿಸಿದವರು. ರೈಲು ಬಂತು, ಆ ವ್ಯಾಪಾರ ಹೋಯಿತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಊರೂರು ಅಲೆಯುವ ಹಲವು ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರು ಅಂತ ಪಟ್ಟಿ ಮಾಡಿದರು. ಬಂಜಾರರೂ, ಅಂದರೆ ಲಂಬಾಣಿಗಳೂ, ಎಷ್ಟೋ ಕಡೆ ಆ ಪಟ್ಟಿಗೆ ಸೇರಿದರು. ಪಟ್ಟಿಯಲ್ಲಿದ್ದವರು ಹೊತ್ತು ಹೊತ್ತಿಗೆ ಠಾಣೆಯಲ್ಲಿ ಹಾಜರಿ ಹಾಕಬೇಕು, ಹೇಳದೆ ಊರು ಬಿಡುವಂತಿಲ್ಲ. 1952ರಲ್ಲಿ ಆ ಕಾಯ್ದೆ ರದ್ದಾಯಿತು. ಕಾಗದದ ಮೇಲೆ ರದ್ದಾಯಿತು ಅನ್ನಿ. ಊರು ಬಿಟ್ಟು ಹೊರಟವರ ದಾರಿಗೆ ಅಡ್ಡ ನಿಂತು ‘ಹೆಸರು ನನ್ನ ಹತ್ತಿರ ಇದೆ’ ಅಂತ ನಾನು ಕೂಗಿದ್ದೆನಲ್ಲ, ಆ ಮುದುಕಿಗೆ ಅದು ಹೇಗೆ ಕೇಳಿಸಿರಬೇಕು!

ನಾಯಕರ ಎದುರೇ ಆ ಫೋಟೋ ಅಳಿಸಿದೆ. ‘ತಪ್ಪಾಯಿತು’ ಅಂದೆ. ಅವರು ಚಹಾ ಕುಡಿಸಿದರು. ಕೊನೆಗೆ ಅವರದ್ದೂ ಅದೇ ಪ್ರಶ್ನೆ: ‘ಎಷ್ಟ್ ದಿನ ಇರ್ತಿ ಬಾಯಿ?’

ಮಾರನೆಯ ದಿನ 22 ಮಕ್ಕಳು ಬಂದರು.

ಇಲ್ಲಿ ಹೊಸ ಟೀಚರ್‌ಗೆ ಒಂದು ಮಾತು. ನಿಮ್ಮ ಬಿ.ಎಡ್.ನಲ್ಲಿ ಯಾರೂ ಹೇಳಿರುವುದಿಲ್ಲ. ಈ ಮಕ್ಕಳ ಮನೆಮಾತು ಕನ್ನಡ ಅಲ್ಲ. ಮನೆಯಲ್ಲಿ ಲಂಬಾಣಿಗಳ ಮಾತು ಗೋರ್ ಬೋಲಿ, ಸಂತೆಯಲ್ಲಿ ಅರ್ಧ ತೆಲುಗು. ಕನ್ನಡ ಅವರಿಗೆ ಶಾಲೆಯ ಭಾಷೆ, ಬಸ್ಸಿನ ಬೋರ್ಡಿನ ಭಾಷೆ. ಒಂದನೇ ಕ್ಲಾಸಿನ ಮಗುವಿಗೆ ‘ನೀರು ಕುಡಿ’ ಅಂದರೆ ಮುಖ ನೋಡುತ್ತದೆ. ‘ಪಾಣಿ’ ಅಂದರೆ ಓಡುತ್ತದೆ. ನನ್ನ ತಿಪಟೂರು ಕನ್ನಡವಂತೂ ದೊಡ್ಡ ಮಕ್ಕಳಿಗೂ ಸಿನಿಮಾದ ಡೈಲಾಗಿನ ಹಾಗೆ ಕೇಳುತ್ತಿತ್ತು. ನಾನು ‘ಏನ್ ಮಾಡ್ತಿದೀಯೋ’ ಅಂದರೆ ಸಾಕು, ಹಿಂದಿನ ಸಾಲು ನನ್ನ ದನಿಯಲ್ಲೇ ತಿರುಗಿ ಹೇಳಿ ಬಿದ್ದು ಬಿದ್ದು ನಗುತ್ತಿತ್ತು.

ನಲಿಕಲಿಯಲ್ಲಿ ಅಕ್ಷರ ಶುರುವಾಗುವುದು ಅ ಆ ಇ ಈ ಅಂತ ಅಲ್ಲ ಅನ್ನುವುದು ನಿಮಗೆ ಗೊತ್ತಿರಬಹುದು. ರ, ಗ, ಸ, ದ, ಅ. ಈ ಐದು ಸಿಕ್ಕಿದರೆ ಮಗು ಅವತ್ತೇ ಪದ ಕಟ್ಟಬಹುದು: ಸರ, ಅರಸ, ಅಗಸ, ಗರಗಸ. ಒಂದು ಮಧ್ಯಾಹ್ನ ಆರು ವರ್ಷದ ಒಬ್ಬಳು ಚಾಪೆಯ ಮೇಲೆ ಮಿಂಚುಪಟ್ಟಿ (ಅಕ್ಷರ ಬರೆದ ಕಾರ್ಡು) ಜೋಡಿಸುತ್ತಾ ಕೂತಿದ್ದಳು. ಬಂದ ದಿನದಿಂದ ನನ್ನ ಜೊತೆ ಒಂದು ಮಾತೂ ಆಡದವಳು. ಗ ಇಟ್ಟಳು. ಪಕ್ಕಕ್ಕೆ ರ ಇಟ್ಟಳು. ‘ಗರ’. ನಾನು ಬಗ್ಗಿ, ‘ಇನ್ನೂ ಗ, ಸ ಬೇಕಲ್ಲ ಪುಟ್ಟಿ, ಗರಗಸ ಅಲ್ವಾ?’ ಅಂದೆ. ತಲೆ ಅಲ್ಲಾಡಿಸಿದಳು. ನಾನು ಗ ಇಟ್ಟೆ. ಅವಳು ತೆಗೆದಳು. ಮತ್ತೆ ಇಟ್ಟೆ. ಮತ್ತೆ ತೆಗೆದಳು. ಆಮೇಲೆ ಎದ್ದು ಕಿಟಕಿಯ ಹತ್ತಿರ ಹೋಗಿ, ಆಚೆ ಬೇವಿನ ಮರದ ಹಿಂದಿದ್ದ ತಗಡಿನ ಮನೆಗೆ ಬೆರಳು ತೋರಿಸಿದಳು. ‘ಘರ್.’

ಗೋರ್ ಬೋಲಿಯಲ್ಲಿ ಘರ್ ಅಂದರೆ ಮನೆ. ಕೊಟ್ಟ ಐದು ಅಕ್ಷರದಲ್ಲಿ ಅವಳು ತನ್ನ ಮನೆ ಕಟ್ಟಿದ್ದಳು. ನಾನು ಅದಕ್ಕೆ ಗರಗಸ ಹಾಕಲು ಹೊರಟಿದ್ದೆ.

ಅವತ್ತೇ ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡೆ. ಮಕ್ಕಳು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಯಾಡಿ ಅಂದರೆ ಅಮ್ಮ. ಬಾಟಿ ಅಂದರೆ ರೊಟ್ಟಿ. ಆವ್ ಅಂದರೆ ಬಾ. ನನ್ನ ಉಚ್ಚಾರಣೆ ಕೇಳಿ ನಗುವ ಹಕ್ಕು ಅವರಿಗೆ ಸಿಕ್ಕಿತು. ಒಂದು ವಾರದಲ್ಲಿ ಕ್ಲಾಸಿನ ಗದ್ದಲ ಎರಡು ಪಟ್ಟಾಯಿತು. ಇನ್ಸ್‌ಪೆಕ್ಷನ್‌ಗೆ ಬಂದವರು ‘ಶಿಸ್ತು ಕಡಿಮೆ’ ಅಂತ ಷರಾ ಬರೆದರು. ಬರೆಯಲಿ ಬಿಡಿ.

ಆದರೆ ತಾಂಡಾ ನನ್ನ ಕಡೆ ತಿರುಗಿದ್ದು ಇದ್ಯಾವುದರಿಂದಲೂ ಅಲ್ಲ. ಅದಕ್ಕೆ ಒಂದು ರೋಗ ಬರಬೇಕಾಯಿತು.

2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಮೇ ತಿಂಗಳಲ್ಲಿ ಪುಣೆ, ಮುಂಬೈಗೆ ಹೋದವರೆಲ್ಲ ಬಸ್ಸು, ರೈಲು, ಲಾರಿ, ಸಿಕ್ಕಿದ್ದರಲ್ಲಿ ತಿರುಗಿ ಬಂದರು. ಜಿಲ್ಲೆಯ ಹಾಸ್ಟೆಲು, ಶಾಲೆಗಳೆಲ್ಲ ಕ್ವಾರಂಟೈನ್ ಕೇಂದ್ರಗಳಾದವು. ನಮ್ಮ ಶಾಲೆಯೂ ಆಯಿತು. ಡ್ಯೂಟಿ ಲಿಸ್ಟಿನಲ್ಲಿ ನನ್ನ ಹೆಸರು ಬಂತು. ಹೆದರಿಕೆಯಾಗಲಿಲ್ಲ ಅಂದರೆ ಸುಳ್ಳು. ಊರಿಗೆ ಹೋಗಿಬಿಡೋಣ ಅಂದರೆ ಬಸ್ಸೂ ಇರಲಿಲ್ಲ.

ಹೀಗೆ ಟೆಂಪೋ ಏರಿ ನನ್ನನ್ನು ಸುತ್ತಿಕೊಂಡು ಹೋಗಿದ್ದ ಅಪ್ಪ ಅಮ್ಮಂದಿರೇ ನನ್ನ ಕೋಣೆಗೆ ಬಂದು ಮಲಗಿದರು. ನಲವತ್ತೊಂದು ಜನ, ನಾಲ್ಕು ಕೋಣೆ, ಮೇಲೆ ಮೇ ತಿಂಗಳ ಯಾದಗಿರಿ ಬಿಸಿಲು. ಪಕ್ಕದ ಊರಿನವರು ರಸ್ತೆಗೆ ಮುಳ್ಳು ಹಾಕಿದ್ದರು. ಊಟ ಕೆಲವು ದಿನ ಬರುತ್ತಿತ್ತು, ಕೆಲವು ದಿನ ಸಂಜೆ ನಾಲ್ಕಕ್ಕೆ ಬರುತ್ತಿತ್ತು. ಅಂಥ ದಿನ ಅಡುಗೆಯಾಕೆ ಬಿಸಿಯೂಟದ ಒಲೆಯನ್ನೇ ಹಚ್ಚಿದಳು. ತಾಂಡಾದ ಒಂದೊಂದು ಮನೆಯಿಂದ ಒಂದೊಂದು ಸೇರು ಜೋಳದ ಹಿಟ್ಟು ಬಂತು. ಯಾವ ಮನೆಯಿಂದ ಎಷ್ಟು ಅಂತ ಲೆಕ್ಕ ಬರೆದವಳು ನಾನು. ಬಗಲಿಗೆ ಬ್ಯಾಗು, ಕೈಯಲ್ಲಿ ಬುಕ್ಕು. ಈ ಸಲ ಯಾರೂ ಬಾಗಿಲು ಮುಚ್ಚಲಿಲ್ಲ.

ಎರಡನೇ ದಿನಕ್ಕೇ ಅವರಿಗೆ ಬೇಜಾರು ಹತ್ತಿತು. ಪುಣೆಯಲ್ಲಿ ಇಪ್ಪತ್ತು ಮಹಡಿ ಏರಿಸುವ ಗೌಂಡಿಗಳು ಸುಮ್ನೆ ಕೂರುವುದು ಹೇಗೆ? ಕಿತ್ತುಹೋದ ನೆಲ ನೋಡಿ ಒಬ್ಬ, ‘ಸಿಮೆಂಟ್ ಎರಡು ಚೀಲ ಸಿಕ್ತದೇನ್ರಿ?’ ಅಂದ. ಗ್ರಾಮ ಪಂಚಾಯಿತಿಯ ಅರ್ಧ ಮುಗಿದ ಕೆಲಸದ್ದು ಮೂರು ಚೀಲ ಮೂಲೆಯಲ್ಲಿ ಬಿದ್ದಿತ್ತು. ಗಟ್ಟಿಯಾಗುವ ಮೊದಲು ಬಳಸಿ ಅಂದೆ. ಯಾರನ್ನು ಕೇಳಿ ಅಂದೆ ಅಂತ ಈಗ ಕೇಳಬೇಡಿ. ನೆಲ ಆಯಿತು. ಕಾಂಪೌಂಡಿನ ತೂತು ಮುಚ್ಚಿತು. ಆಮೇಲೆ ಅವರು ಯಾವ ಎಂಜಿನಿಯರಿಗೂ ಹೊಳೆಯದ ಕೆಲಸ ಮಾಡಿದರು. ಬೋರ್‌ವೆಲ್‌ನಿಂದ ಪೈಪ್ ಎಳೆದು, ಗೋಡೆ ಕೊರೆದು, ಎರಡು ನಲ್ಲಿಗಳನ್ನು ಕಾಂಪೌಂಡಿನ ಹೊರಗೆ ಕೂರಿಸಿದರು. ಗೇಟಿಗೆ ಬೀಗ ಹಾಕಿದರೂ ನೀರು ಹೊರಗೆ! ಅವತ್ತಿನಿಂದ ನಾನು ಬೀಗ ಕೊಂಡಿಲ್ಲ.

ರಾತ್ರಿ ಹೊತ್ತು ಇನ್ನೊಂದು ನಡೆಯುತ್ತಿತ್ತು. ನಲಿಕಲಿ ಕೋಣೆಯಲ್ಲಿ ಗೋಡೆಯ ಕೆಳಭಾಗಕ್ಕೆ ಮಕ್ಕಳ ಎತ್ತರದಲ್ಲಿ ಕಪ್ಪು ಹಲಗೆ ಬಳಿದಿರುತ್ತದಲ್ಲ, ನೆಲದ ಮೇಲೆ ಮಲಗಿದವರಿಗೆ ಅದು ಸರಿಯಾಗಿ ಕಣ್ಣ ಮುಂದೆ. ಮೇಲೆ ಚಪ್ಪರದಲ್ಲಿ ಮಕ್ಕಳ ಚಿತ್ರಗಳು ನೇತಾಡುತ್ತಿದ್ದವು. ಯಾವುದು ಯಾರ ಮಗುವಿನದು ಅಂತ ಹುಡುಕುತ್ತಿದ್ದರು. ಒಬ್ಬ ಅಪ್ಪ ಕೇಳಿದ: ‘ರ ಗ ಸ ದ... ಅ ಆ ಎಲ್ಲಿ ಹೋತ್ರಿ? ನಮ್ಮ ಹುಡುಗ್ರಿಗಿ ಪೂರ್ತಿ ಕಲಸಂಗಿಲ್ಲೇನು ನೀವು?’ ಅದು ಅವರ ಹಳೆಯ ಅನುಮಾನ ಅಂತ ಆಗ ತಿಳಿಯಿತು. ತಾಂಡಾದ ಮಕ್ಕಳಿಗೆ ಅರ್ಧಂಬರ್ಧ ಅಕ್ಷರ ಕೊಡುತ್ತಾರೆ ಅಂದುಕೊಂಡಿದ್ದರು. ಬಾಗಿಲಲ್ಲಿ ಮಾಸ್ಕ್ ಹಾಕಿಕೊಂಡು ನಿಂತೇ ಸರ, ಅರಸ, ಗರಗಸ ಬರೆಸಿದೆ. ಎರಡು ವಾರ ಮುಗಿಯುವ ಹೊತ್ತಿಗೆ ಏಳು ಜನ ತಮ್ಮ ಹೆಸರು ಬರೆಯಲು ಕಲಿತರು. ಅದರಲ್ಲಿ ಒಬ್ಬ ಮನೆಗೆ ಹೋದ ಮೇಲೆ ಮರೆತ. ಆರು ಅಂತಲೇ ಲೆಕ್ಕ ಹಿಡಿಯಿರಿ.

ಆಗಸ್ಟಿನಲ್ಲಿ, ಟೀಚರ್‌ಗಳೇ ಮಕ್ಕಳಿದ್ದ ಕಡೆ ಹೋಗಿ ಕಲಿಸುವ ವಿದ್ಯಾಗಮ ಶುರುವಾದಾಗ ಜಾಗ ಹುಡುಕುವ ಕೆಲಸವೇ ಇರಲಿಲ್ಲ. ನಾಯಕರ ಕಟ್ಟೆ, ಸೇವಾಲಾಲರ ಗುಡಿ, ಬೇವಿನ ಮರ, ಎಲ್ಲ ಕಡೆ ಚಾಪೆ ತಾನಾಗಿ ಬಿದ್ದಿತ್ತು.

ಇದಾದ ಮೇಲೆ ಗುಳೆ ನಿಂತಿತೇ? ಇಲ್ಲ. ನಾನೊಬ್ಬಳು ಒಳ್ಳೆಯವಳಾದರೆ ತೊಗರಿ ಜಾಸ್ತಿ ಬೆಳೆಯುವುದಿಲ್ಲ. ಸಾಲದ ಕಂತೂ ಕಡಿಮೆಯಾಗುವುದಿಲ್ಲ. 2021ರ ದೀಪಾವಳಿ ಮುಗಿದ ಮೇಲೂ ಟೆಂಪೋ ಬಂತು. ಆದರೆ ಆ ಸಲ ಹನ್ನೊಂದು ಮಕ್ಕಳು ಹಾಸಿಗೆಯ ಮೇಲೆ ಏರಲಿಲ್ಲ, ಅಜ್ಜಿಯರ ಕೈ ಹಿಡಿದು ಕೆಳಗೆ ನಿಂತಿದ್ದರು. ಒಬ್ಬ ತಾಯಿ ಟೆಂಪೋದಿಂದಲೇ ಬಗ್ಗಿ ಹೇಳಿದಳು: ‘ಬಾಯಿ ಅದಾಳಂತ ಬಿಟ್ಟು ಹೊಂಟೀನಿ.’ ನನಗೆ ಇದುವರೆಗೆ ಸಿಕ್ಕ ಸರ್ಟಿಫಿಕೇಟುಗಳಲ್ಲಿ ಅದು ಭಾರದ್ದು. ಆ ರಾತ್ರಿ ನಿದ್ದೆ ಬರಲಿಲ್ಲ. ಹನ್ನೊಂದು ಮಕ್ಕಳಲ್ಲಿ ಒಬ್ಬರಿಗೆ ಜ್ವರ ಬಂದರೆ ಅನ್ನುವ ಚಿಂತೆ.

ಹೋದ ಮಕ್ಕಳನ್ನು ನಲಿಕಲಿಯ ಏಣಿ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಾಠಗಳು, ಕೈಬಿಡಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿ ಶಾಲೆ ನೋಡಿ ಬಂದು ಕಟ್ಟಿದ ಪದ್ಧತಿ ಅದು. ಅದನ್ನು ಬೈಯುವವರು ತುಂಬಾ ಜನ, ನನಗೂ ಕೆಲವು ತಕರಾರಿವೆ. ಆದರೆ ಗುಳೆ ಹೋಗುವ ಮಗುವಿಗೆ ಅಷ್ಟು ಹೊಂದುವ ಇನ್ನೊಂದು ಪದ್ಧತಿ ನಾನು ಕಂಡಿಲ್ಲ. ಮಗು ಯಾವ ಮೆಟ್ಟಿಲಲ್ಲಿ ಬಿಟ್ಟು ಹೋಗಿತ್ತೋ ನಾಲ್ಕು ತಿಂಗಳ ಮೇಲೆ ಬಂದು ಅದೇ ಮೆಟ್ಟಿಲಿನಿಂದ ಹತ್ತಬಹುದು. ‘ಪಾಠ ಎಲ್ಲ ಮುಂದೆ ಹೋಗಿದೆ’ ಅಂತ ಯಾರೂ ಅನ್ನುವುದಿಲ್ಲ. ಪ್ರತಿ ಮಗುವಿನ ಚೀಲಕ್ಕೆ ಅದರ ಮೆಟ್ಟಿಲಿನ ಸಂಖ್ಯೆ ಬರೆದ ಒಂದು ಚೀಟಿ ಇಡುತ್ತಿದ್ದೆ. ಭಾನುವಾರ ಸಂಜೆ ಪುಣೆಯ ಶೆಡ್ಡುಗಳಿಗೆ ಫೋನು ಮಾಡುತ್ತಿದ್ದೆ. ಹತ್ತರಲ್ಲಿ ನಾಲ್ಕು ಜನ ಎತ್ತುತ್ತಿದ್ದರು.

ಈಗ ಹಿರಿಯರ ಜೊತೆ ಸ್ವಲ್ಪ.

ಯಾದಗಿರಿಯ ಅಂಕಿ ನಿಮಗೆ ಬಾಯಿಪಾಠ. 2011ರ ಜನಗಣತಿಯಲ್ಲಿ ಇಲ್ಲಿಯ ಸಾಕ್ಷರತೆ 51.83 ಶೇಕಡಾ, ರಾಜ್ಯದ್ದು 75.36. 2024ರ ಎಸ್ಸೆಸ್ಸೆಲ್ಸಿಯಲ್ಲಿ ಜಿಲ್ಲೆ ಕೊನೆಗೆ ಬಂತು, 50.59. ಫಲಿತಾಂಶದ ದಿನ ಟಿವಿಯವರು ಕೊನೆಯ ಸ್ಥಾನವನ್ನು ಓದುವ ದನಿ ಇದೆಯಲ್ಲ, ಅದನ್ನು ಇಲ್ಲಿಯ ಮಕ್ಕಳೂ ಕೇಳುತ್ತಾರೆ. ಅದಾದ ಮೇಲೆ ನೋಟಿಸು, ವಿಶೇಷ ತರಗತಿ, ಪರಿಹಾರ ಬೋಧನೆಯ ನಮೂನೆ. ಹತ್ತನೇ ಕ್ಲಾಸಿನ ಮಗು ಒಂದನೇ ಕ್ಲಾಸಿನಿಂದ ಎಷ್ಟು ಟೀಚರ್‌ಗಳ ಮುಖ ನೋಡಿದೆ, ಎಷ್ಟು ನವೆಂಬರ್ ಶಾಲೆಯಲ್ಲಿ ಇತ್ತು ಅಂತ ಕೇಳುವ ಕಾಲಂ ಯಾವ ನಮೂನೆಯಲ್ಲೂ ನಾನು ತುಂಬಿಲ್ಲ.

ಗುಳೆ ಹೋಗುವವರ ಮಕ್ಕಳಿಗೆ ಋತುಮಾನ ವಸತಿನಿಲಯ ತೆರೆಯಬಹುದು ಅಂತ ಯೋಜನೆಯಲ್ಲೇ ಇದೆ. ಒಳ್ಳೆಯ ಯೋಜನೆ. ಆದರೆ ಟೆಂಪೋ ಹೊರಡುವುದು ದೀಪಾವಳಿಯ ವಾರ. ನನ್ನ ಅನುಭವದಲ್ಲಿ ಮಂಜೂರಾತಿ ಬರುವುದು ಸಂಕ್ರಾಂತಿ ಹೊತ್ತಿಗೆ. ಆಗ ಯಾರನ್ನು ಇಟ್ಟುಕೊಳ್ಳುವುದು? ಹೊಸ ಹಣ ಕೇಳುತ್ತಿಲ್ಲ, ಅದೇ ಹಣ ಎರಡು ತಿಂಗಳು ಮೊದಲು ಬರಲಿ. ಪಂಚಾಂಗ ನಿಮ್ಮ ಗೋಡೆಯ ಮೇಲೂ ಇದೆಯಲ್ಲ.

ಇನ್ನೊಂದು. ನಾನು ಬಂದಾಗ ನನ್ನ ಹಿಂದಿನವರು ಹೋಗಿ ಎಂಟು ತಿಂಗಳಾಗಿತ್ತು. ಚಾರ್ಜ್ ಲಿಸ್ಟಿನಲ್ಲಿ ಕುರ್ಚಿ, ಬೆಂಚು, ಗ್ಲೋಬು, ತಟ್ಟೆ, ಲೋಟ ಎಲ್ಲ ಇತ್ತು. ಬೋರ್‌ವೆಲ್ ನೀರಿನ ಜಗಳ ಅದರಲ್ಲಿ ಇರಲಿಲ್ಲ. ಹಾಜರಿ ಅನ್ನುವ ಪದ ಇಲ್ಲಿ ಹೇಗೆ ಕೇಳಿಸುತ್ತದೆ ಅನ್ನುವುದೂ ಇರಲಿಲ್ಲ. ಯಾವ ಮಗುವಿನ ಅಪ್ಪ ಪುಣೆಯಲ್ಲಿ ಕಟ್ಟಡದಿಂದ ಬಿದ್ದು ತೀರಿಕೊಂಡ, ಯಾವ ಹುಡುಗಿಗೆ ಏಳನೇ ಕ್ಲಾಸು ಮುಗಿದ ಕೂಡಲೇ ಗಂಡು ನೋಡುತ್ತಾರೆ, ಅದೂ ಇರಲಿಲ್ಲ. ಎಲ್ಲವನ್ನೂ ನಾನು ಮೊದಲಿನಿಂದ ಕಲಿತೆ, ಮೂರು ವರ್ಷ ಹಿಡಿಯಿತು. ನನ್ನ ಮುಂದಿನವರು ಮತ್ತೆ ಮೊದಲಿನಿಂದ ಕಲಿಯಬೇಕೇ? ಹಳೆಯ ಟೀಚರ್ ಹೋಗುವ ಮೊದಲು ಹೊಸಬರು ಒಂದು ತಿಂಗಳು ಜೊತೆಗಿರುವ ಹಾಗೆ ಮಾಡಿ. ಇಬ್ಬರೂ ಒಟ್ಟಿಗೆ ಮನೆ ಮನೆಗೆ ಹೋಗಿ ಬರಲಿ. ಒಂದು ತಿಂಗಳ ಎರಡು ಸಂಬಳ ದುಬಾರಿ ಅನ್ನಿಸಿದರೆ, ಎಂಟು ತಿಂಗಳು ಖಾಲಿ ಬಿಟ್ಟಾಗ ಉಳಿದ ಸಂಬಳದಲ್ಲಿ ಕೊಡಿ.

ಮತ್ತೆ, ದಯವಿಟ್ಟು ಯಾರನ್ನೂ ‘ಬುದ್ಧಿ ಬರಲಿ’ ಅಂತ ಇಲ್ಲಿಗೆ ಹಾಕಬೇಡಿ. ಮೇಷ್ಟ್ರಿಗೆ ಈ ಊರು ಶಿಕ್ಷೆಯಾದರೆ ಊರಿಗೆ ಆ ಮೇಷ್ಟ್ರು ಏನಾಗುತ್ತಾರೆ ಹೇಳಿ.

ಹೊಸ ಟೀಚರ್, ನಿಮಗೆ ಇನ್ನು ನಾಲ್ಕು ಮಾತು.

ವರ್ಗಕ್ಕೆ ನಾನು ಮೂರು ಸಲ ಅರ್ಜಿ ಹಾಕಿದ್ದೆ. ಗಂಡ ತಿಪಟೂರಿನಲ್ಲಿ, ಮಗಳು ಅತ್ತೆಯ ಹತ್ತಿರ. ಅವಳು ಫೋನಿನಲ್ಲಿ ‘ನಿನ್ನ ಶಾಲೆ ಮಕ್ಕಳಿಗೆ ಮಾತ್ರ ಕಥೆ ಹೇಳ್ತೀಯಾ?’ ಅಂದ ದಿನ ನಾಲ್ಕನೆಯದನ್ನು ಹಾಕಿದೆ. ಅದು ಆಯಿತು. ತಾಂಡಾದಲ್ಲಿ ಹೇಗೆ ಹೇಳುವುದು ಅಂತ ಎರಡು ವಾರ ಒದ್ದಾಡಿದೆ. ಅಡುಗೆಯಾಕೆಗೆ ಮೊದಲು ಹೇಳಿದೆ. ಅವತ್ತು ಮೊಟ್ಟೆಯ ದಿನ, ಬೇಯಿಸಿದ ಮೊಟ್ಟೆ ಸುಲಿಯುತ್ತಾ ಕೂತಿದ್ದಳು. ಕೈ ನಿಲ್ಲಿಸಲಿಲ್ಲ.

‘ಐದು ವರ್ಷ ಏಳು ತಿಂಗಳು ಇದ್ರಿ’ ಅಂದಳು. ‘ಹಾಂ. ನಡೀತದ.’

ಇಷ್ಟು ದಿನವೂ ಎಣಿಸುತ್ತಾ ಬಂದಿದ್ದಳು.

ನೀವು ಬರುವಾಗ ತಾಲ್ಲೂಕಿನಿಂದ ಬೆಳಗಿನ ಮೊದಲ ಬಸ್ಸಿಗೇ ಬನ್ನಿ, ಎರಡನೆಯದನ್ನು ನಂಬಬೇಡಿ. ಕೋಣೆ ಬೇಕಾದರೆ ನಾನಿದ್ದ ಮನೆಯವರೇ ಕೊಡುತ್ತಾರೆ, ಸಸ್ಯಾಹಾರಿಯಾ ಅಂತ ಕೇಳುತ್ತಾರೆ, ನಿಜ ಹೇಳಿ. ದೀಪಾವಳಿ ಅಮಾವಾಸ್ಯೆಯ ರಾತ್ರಿ ತಾಂಡಾದಲ್ಲೇ ಉಳಿಯಿರಿ. ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆ ಮನೆಗೆ ಹೋಗಿ ಹಬ್ಬದ ಹಾರೈಕೆ ‘ಮೇರಾ’ ಹೇಳುತ್ತಾರೆ, ನಿಮ್ಮ ಹತ್ತಿರವೂ ಬರುತ್ತಾರೆ, ಕೈಯಲ್ಲಿ ಚಿಲ್ಲರೆ ಇಟ್ಟುಕೊಂಡಿರಿ. ಮರುದಿನ ಬೆಳಿಗ್ಗೆ ಟೆಂಪೋ ಬಂದರೆ ಮುಂದೆ ನಿಲ್ಲಬೇಡಿ, ಪಕ್ಕದಲ್ಲಿ ನಿಲ್ಲಿ. ಚೀಟಿ ಕೊಡಲು ಅದೇ ಅನುಕೂಲ.

‘ಗರ’ ಬರೆದವಳು ಈಗ ಆರನೇ ಕ್ಲಾಸು. ಹೆಣ್ಣುಮಕ್ಕಳ ಕಸ್ತೂರಬಾ ವಸತಿ ಶಾಲೆಯಲ್ಲಿದ್ದಾಳೆ. ರಜೆಗೆ ಬಂದಾಗ ಅವಳ ಜೊತೆ ಗೋರ್ ಬೋಲಿಯಲ್ಲಿ ಮಾತಾಡಿ ನೋಡಿ, ನಿಮ್ಮ ತಪ್ಪು ತಿದ್ದುತ್ತಾಳೆ. ನೋಟ್‌ಬುಕ್ ಅಲ್ಮೇರಾದ ಕೆಳಗಿನ ಖಾನೆಯಲ್ಲಿ, ಭಾರತದ ನಕ್ಷೆಯ ಅಡಿಯಲ್ಲಿ ಇದೆ. ಇನ್ನೂ ಹದಿನೆಂಟು ಪುಟ ಖಾಲಿ. ಅಲ್ಮೇರಾದ ಕೀಲಿ ಅಡುಗೆಯಾಕೆಯ ಹತ್ತಿರ. ಬಾಗಿಲು ಬಿಗಿ. ಎಡಗಡೆ ಕೆಳಗೆ ಕಾಲಿನಿಂದ ಒಂದು ಸಲ ತಳ್ಳಿದರೆ ತೆರೆಯುತ್ತದೆ.

ಇಂತಿ,
ನಿಮ್ಮ ಹಿಂದಿನ ಟೀಚರ್